ಸಾವಿತ್ರಿಯ ತೋಳು

ಇವತ್ತಿಗೂ ಟಿಂಚರಿನ ವಾಸನೆ ಮೂಗಿಗೆ ಬಡಿದರೆ ಕುಮಟೆಯ ನಮ್ಮ ಮನೆಯ ಜಗುಲಿ ಕಣ್ಣೆದುರು ಬರುತ್ತದೆ.

ನಾನು ಐದನೇ ತರಗತಿಯಲ್ಲಿದ್ದೆ. ಸಾವಿತ್ರಿ ನನ್ನ ಬೆಂಚಿನವಳು. ಯಲ್ಲಾಪುರದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಸಿದ್ದಿ ಹುಡುಗಿ. ಆ ಶನಿವಾರ ಮಧ್ಯಾಹ್ನ ಇಬ್ಬರೂ ನಮ್ಮ ಮನೆಯ ಚಿರೆಕಲ್ಲಿನ ಪಾಗಾರದ ಗೋಡೆ ಹತ್ತಿ ಕೆಳಗೆ ಜಿಗಿದೆವು. ನನ್ನ ಮೊಣಕಾಲು ತರಚಿತು. ಅವಳ ಅಂಗಾಲಿಗೆ ಗಾಜಿನ ಚೂರು ಹೊಕ್ಕಿತು.

ಅಮ್ಮ ನನ್ನ ಮೊಣಕಾಲಿಗೆ ಟಿಂಚರ್ ಹಚ್ಚಿ, "ಉರೀತದಾ ಮಗಾ?" ಎಂದು ಮತ್ತೆ ಮತ್ತೆ ಊದಿದಳು. ಆಮೇಲೆ ಕರಿಮಣಿಯಿಂದ ಪಿನ್ನು ತೆಗೆದು ಸಾವಿತ್ರಿಯ ಅಂಗಾಲನ್ನು ಕೆದಕತೊಡಗಿದಳು. ಸಾವಿತ್ರಿ ಜಗುಲಿಯ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಅವ್ಳಿಗೆ ನೋವಾಗ್ತದಲ್ಲ ಅಮ್ಮ?" ಎಂದೆ.

"ಎಂತ ಆಗೂದಿಲ್ಲ. ಸಿದ್ದಿಯವ್ರ ಚರ್ಮ ಗಟ್ಟಿ," ಎಂದಳು ಅಮ್ಮ, ತಲೆ ಎತ್ತದೆ. ಚೂರು ತೆಗೆದು, ಪಿನ್ನನ್ನು ಜಗುಲಿಯ ಮೇಲೆಯೇ ಬಿಟ್ಟು, ನಮ್ಮಿಬ್ಬರಿಗೂ ಅವಲಕ್ಕಿ ಕಲಸಿ ತರಲು ಒಳಗೆ ಹೋದಳು.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿಯರು ಬಂದರು. "ಇವ್ಳಿಗೆ ನೋವೇ ಆಗೂದಿಲ್ಲ, ನೋಡ್ರೇ," ಎನ್ನುತ್ತ ನಾನು ಅದೇ ಪಿನ್ನನ್ನು ಅವಳ ತೋಳಿಗೆ ಚುಚ್ಚಿದೆ. ಅವಳು ಕೂಗಲಿಲ್ಲ. ಇನ್ನೊಮ್ಮೆ, ಆಳವಾಗಿ ಚುಚ್ಚಿದೆ. ಹುಡುಗಿಯರು ನಕ್ಕರು. ಅವಳ ಕಣ್ಣು ತುಂಬಿದ್ದನ್ನು ನೋಡಿದೆ; ನೋಡಿಯೂ ಮೂರನೆಯ ಸಲ ಚುಚ್ಚಿದೆ.

"ಆತಾ?" ಎಂದು ಕೇಳಿದಳು ಸಾವಿತ್ರಿ.

ತೋಳಿನ ರಕ್ತವನ್ನು ಲಂಗದ ಅಂಚಿಗೆ ಒರೆಸಿಕೊಂಡು, ಕುಂಟುತ್ತ ಗೇಟು ದಾಟಿ ಹೋದಳು.

ಅಮ್ಮ ಎರಡು ತಟ್ಟೆ ಹಿಡಿದು ಹೊರಗೆ ಬಂದು, "ಎಲ್ಲಿ ಹೋಯ್ತು ಆ ಹುಡುಗಿ?" ಎಂದಳು.

"ಹಾಸ್ಟೆಲಿಗೆ ಹೊತ್ತಾತಂತೆ," ಎಂದೆ.

ಅವಳ ಪಾಲಿನ ಅವಲಕ್ಕಿಯನ್ನೂ ನಾನೇ ತಿಂದೆ.