ಚೆಲ್ಲದ ನೀರು

ಅಂಗಡಿಯ ಸೇಲ್ಸ್‌ಮನ್ ಹೊಸ ಹಾಸಿಗೆಯ ಒಂದು ಬದಿಯಲ್ಲಿ ತುಂಬಿದ ನೀರಿನ ಲೋಟ ಇಟ್ಟು, ಇನ್ನೊಂದು ಬದಿಗೆ ತನ್ನ ದಢೂತಿ ದೇಹವನ್ನು ಧೊಪ್ಪೆಂದು ಕೆಡವಿದ. ಒಂದು ಹನಿಯೂ ಚೆಲ್ಲಲಿಲ್ಲ.

"ನಿದ್ದೆ ಒಂದು ಸರಿಹೋದ್ರೆ ಬಿಪಿ, ಸಿಟ್ಟು, ಮರೆವು ಎಲ್ಲಾ ಅರ್ಧ ಇಳಿಯುತ್ತೆ ಅಮ್ಮ. ಪಕ್ಕದಲ್ಲಿ ಮಲಗಿದೋರು ಎದ್ದು ಹೋದ್ರೂ ನಿಮಗೆ ಗೊತ್ತಾಗಲ್ಲ." ಯಾವ ಡಾಕ್ಟರೂ ಕೊಡದ ಭರವಸೆಯನ್ನು ಅವನು ಮಲಗಿಕೊಂಡೇ ಕೊಟ್ಟ.

ಕೊಳ್ಳಲು ಬಂದಿದ್ದ ಆಕೆ ಲೋಟವನ್ನೇ ನೋಡುತ್ತಿದ್ದಳು. ಬೆಳೆದ ಮಗಳ ಮಣಿಕಟ್ಟನ್ನು ಅಂಗಡಿಯೊಳಗೂ ಬಿಟ್ಟಿರಲಿಲ್ಲ. "ಈಗಿರೋದೂ ಇಂಥದ್ದೇ ಕಣಪ್ಪ. ಹೋದ ತಿಂಗಳು ಇವಳು ನನ್ನ ಪಕ್ಕದಿಂದಲೇ ಎದ್ದು, ಟೆರೇಸಿನ ಅಂಚಿಗೆ ಹೋಗಿ ನಿಂತಿದ್ಳು. ಮೇಲಿನ ಮನೆಯೋರು ಹಿಡ್ಕೊಂಡ್ರು. ನನಗೆ ಒಳ್ಳೇ ನಿದ್ದೆ."

ಸೇಲ್ಸ್‌ಮನ್ ಗಡಬಡಿಸಿ ಎದ್ದು ಕುಳಿತ. ಲೋಟ ಆಗಲೂ ಅಲುಗಲಿಲ್ಲ.

"ನೀರು ಚೆಲ್ಲೋ ಅಂಥದ್ದು ಇದ್ರೆ ತೋರಿಸು," ಎಂದಳು ತಾಯಿ.