ಒಡೆಯದ ನೌಕೆ

ಮದ್ದು ಢಮ್ಮೆಂದಿತು, ಬೆಂಕಿಯುಂಡೆ ಎದ್ದಿತು. ಹೊಗೆ ಸರಿದಾಗ ನೋಡಿದರೆ ಎರಡು ಮೀಟರ್ ಉದ್ದದ ಆಕಾಶನೌಕೆಯ ಮಾದರಿ ತಂತಿಗಳಲ್ಲಿ ಹಾಗೇ ತೂಗುತ್ತಿತ್ತು. ಟೋಕಿಯೊದ ಆ ಸಿನಿಮಾ ಸ್ಟುಡಿಯೊದಲ್ಲಿ ಅದು ಚೂರುಚೂರಾಗುವುದನ್ನು ಚಿತ್ರೀಕರಿಸಬೇಕಿತ್ತು.

"ಬಿಡಿ, ಕಂಪ್ಯೂಟರಲ್ಲೇ ಒಡೆದು ಕೊಡ್ತೀನಿ. ಎಷ್ಟು ಚೂರು ಬೇಕು ಹೇಳಿ," ಎಂದು ಗ್ರಾಫಿಕ್ಸಿನ ಹಜೂಕಿ ನಕ್ಕ.

ಮದ್ದು ಸಿಡಿಸುವ ತತ್ಸುನೊ ಏಣಿ ಹತ್ತಿ ನೌಕೆಯ ಹೊಟ್ಟೆಯೊಳಗೆ ಬೆರಳಾಡಿಸಿದಳು. ಸುಲಭವಾಗಿ ಒಡೆಯಲೆಂದು ಒಳಗೋಡೆಗೆ ಹಾಕಬೇಕಿದ್ದ ಗೀರು ಒಂದೂ ಇರಲಿಲ್ಲ. ಬದಲಿಗೆ ದಪ್ಪಗೆ ಅಂಟು ಮೆತ್ತಿತ್ತು. ಅದನ್ನು ಕಟ್ಟಿದ ಮುದುಕ ಇವಾಕುರಾ ಕೆಳಗೆ ನಿಂತಿದ್ದ.

"ಇವಾಕುರಾ ಸಾನ್, ಇದೇನು, ಮಗಳ ಮದುವೆಗೆ ಕೊಡೋ ಬೀರು ಮಾಡಿದೀರಾ?"

"ಎಂಟು ತಿಂಗಳು ಕೂತು ಕಟ್ಟಿದ್ದಮ್ಮ. ಗೀರೋಕೆ ಮನಸ್ಸೇ ಬರ್ಲಿಲ್ಲ."

"ಹಾಗಾದ್ರೆ ಇದು ಗೋದಾಮಲ್ಲಿ ಧೂಳು ತಿಂತಾ ಇರುತ್ತೆ. ಪರದೆ ಮೇಲೆ ಉರಿಯೋದು ಹಜೂಕಿಯ ನೌಕೆ, ನಿಮ್ದಲ್ಲ."

ಇವಾಕುರಾ ಜೇಬಿನಿಂದ ಕಟ್ಟರ್ ತೆಗೆದ. ಅವಳು ಇಳಿದ ಏಣಿಯನ್ನು ಹತ್ತಿ, ನೌಕೆಗೆ ಸೊಂಟ ಬಾಗಿಸಿ ವಂದಿಸಿ, ತಾನೇ ಮೆತ್ತಿದ್ದ ಅಂಟಿನ ಮೇಲೆ ಅಲಗನ್ನು ಒತ್ತಿ ಎಳೆದ.

"ಮದ್ದು ತುಂಬಮ್ಮ," ಎಂದ, ತಿರುಗಿ ನೋಡದೆ. "ಈ ಸಲ ನಾನು ಗುರುತು ಹಿಡಿಯೋ ಅಂಥ ಒಂದು ಚೂರೂ ಉಳೀಬಾರ್ದು."