ಗಿಂಕಾಳ ಹಿಂದಿನ ಚಕ್ರ

"ಈ ಚಕ್ರಾನ ಇವತ್ತು ನಾನು ಮೂರನೇ ಸಲ ನೋಡ್ತಾ ಇದೀನಿ," ಎಂದ ವಾಹನ ತಪಾಸಣೆಯ ಕೊಲೆವ್ ಸಾಹೇಬ, ಗಿಂಕಾಳ ಬೈಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತು. "ಯಾರದ್ದು ಹಾಕ್ಕೊಂಡು ಬಂದೆ, ಹೇಳಮ್ಮ."

ಗಿಂಕಾಳಿಗೆ ಮೈಯೆಲ್ಲ ಉರಿಯಿತು. ಯಾರದ್ದಂತೆ! ಚಳಿಗಾಲವಿಡೀ ಮಾಡಿದ ಚೀಸನ್ನೆಲ್ಲ ಮಾರಿ, ಫೆಬ್ರವರಿ ಕೊನೆಯಲ್ಲಿ ಹಾಕಿಸಿದ ಹೊಸ ಟಯರು ಅದು. ಪಕ್ಕಕ್ಕೆ ಬುಟ್ಟಿ ಕೂರಿಸಿದ ಈ ಮೂರು ಚಕ್ರದ ಬೈಕುಗಳ ಹಣೆಬರಹವೇ ಅಷ್ಟು. ಮುಂದಿನ ಚಕ್ರ ಐದು ವರ್ಷ ಬಾಳಿದರೆ ಹಿಂದಿನದು ಎರಡು ಚಳಿಗಾಲ ತಡೆಯುವುದಿಲ್ಲ. ಗಾಡಿಯನ್ನೆಲ್ಲ ಎಳೆಯುವುದು ಅದೊಂದೇ, ಬುಟ್ಟಿಯಲ್ಲಿಟ್ಟ ಹಾಲಿನ ಕ್ಯಾನುಗಳ ಭಾರವೂ ಅದಕ್ಕೇ.

"ನಂದೇ ಸಾಹೇಬ್ರೆ. ನನ್ನ ಸ್ವಂತದ್ದು."

"ಎಲ್ಲರೂ ಹಾಗೇ ಅಂತಾರೆ. ಟಯರು ನೋಡಿದ್ರೆ ಗೊತ್ತಾಗ್ತಿರಲಿಲ್ಲ ಬಿಡು. ಈ ದಾರ ನೋಡು, ಇದು ಸಿಕ್ಕಿಹಾಕಿಸ್ತು." ಅವನು ಚಕ್ರದ ಕಡ್ಡಿಗೆ ಕಟ್ಟಿದ್ದ ಕೆಂಪು-ಬಿಳಿ ದಾರವನ್ನು ಪೆನ್ಸಿಲ್ಲಿನಿಂದ ಎತ್ತಿ ತೋರಿಸಿದ. ಅವನ ಮಣಿಕಟ್ಟಿನಲ್ಲೂ ಅಂಥದ್ದೇ ಒಂದು ದಾರವಿತ್ತು. ಮಾರ್ಚ್ ಒಂದರಂದು ಮನೆಮಂದಿಗೆ, ದನಕರುಗಳಿಗೆ ಕಟ್ಟುವ ದಾರ. ಆ ವರ್ಷದ ಮೊದಲ ಕೊಕ್ಕರೆ ಕಣ್ಣಿಗೆ ಬೀಳುವವರೆಗೆ ಅದನ್ನು ಬಿಚ್ಚಿದರೆ ಕೇಡು ಎಂದು ಆ ನಾಡಿನಲ್ಲಿ ಹಸುಗೂಸಿಗೂ ಗೊತ್ತು. ನಾಲ್ಕು ಹಸುಗಳಿಗೆ ಕಟ್ಟಿದ ಮೇಲೆ, ಮನೆಯನ್ನು ಸಾಕುವುದು ಇದೂ ತಾನೇ ಎಂದು ಗಿಂಕಾ ಹೊಸ ಚಕ್ರಕ್ಕೂ ಒಂದು ಕಟ್ಟಿದ್ದಳು.

ಆದದ್ದು ಇಷ್ಟೇ. ಬೆಳಿಗ್ಗೆ ಅವಳದೇ ಊರಿನ ಸ್ಲಾವ್ಚೊ ಮತ್ತು ಡೊಬ್ರಿ ಕೂಡ ತಪಾಸಣೆಗೆಂದು ಅವಳ ಜೊತೆಗೇ ಬಂದಿದ್ದರು. ಇಬ್ಬರ ಹಿಂದಿನ ಟಯರೂ ಸವೆದು ಸವೆದು ಒಳಗಿನ ನೂಲು ಕಾಣುತ್ತಿತ್ತು. ತಪಾಸಣೆ ಅಂಗಳದ ಹಿಂದಿನ ಅಕ್ರೋಟು ಮರದಡಿ ಸ್ಲಾವ್ಚೊ ಹಲ್ಲು ಗಿಂಜಿದ: "ಗಿಂಕಕ್ಕಾ, ಒಂದು ಗಳಿಗೆ ನಿನ್ನ ಚಕ್ರ ಕೊಡೇ. ನಮ್ಮದು ಮೊದಲು ಮುಗಿದುಹೋಗ್ಲಿ. ನಿಂದು ಹೊಸದು, ಯಾವಾಗ ಹೋದ್ರೂ ಪಾಸು." ಅಕ್ಕ ಎಂದು ಬಾಯ್ತುಂಬ ಕರೆದ ಮೇಲೆ ಇಲ್ಲವೆನ್ನುವುದು ಹೇಗೆ? ಅವಳ ಗಾಡಿ ಒಂದೂವರೆ ಗಂಟೆ ಕಲ್ಲಿನ ಮೇಲೆ ಕುಂಟುತ್ತ ನಿಂತಿತು. ಅವಳ ಚಕ್ರ ಡೊಬ್ರಿಯ ಗಾಡಿಯಲ್ಲೊಮ್ಮೆ, ಸ್ಲಾವ್ಚೊನ ಗಾಡಿಯಲ್ಲೊಮ್ಮೆ ಒಳಗೆ ಹೋಗಿ ಪಾಸಾಗಿ ಬಂತು. ನಟ್ಟುಗಳನ್ನೆಲ್ಲ ಸಲೀಸಾಗಿ ಬಿಚ್ಚಿದ ಆ ಇಬ್ಬರೂ ದಾರವನ್ನು ಮಾತ್ರ ಮುಟ್ಟಿರಲಿಲ್ಲ.

ನಾಳೆಯಿಂದ ತಪಾಸಣೆಯ ಸೀಲಿಲ್ಲದ ಗಾಡಿಯನ್ನು ಡೈರಿಯ ಗೇಟಿನೊಳಗೆ ಬಿಡುವುದಿಲ್ಲ. ನಾಲ್ಕು ಹಸುವಿನ ಹಾಲನ್ನು ಹದಿನಾಲ್ಕು ಕಿಲೋಮೀಟರು ತಲೆಯ ಮೇಲೆ ಹೊರುವುದಕ್ಕಾಗುತ್ತದೆಯೇ? ಗಿಂಕಾ ಗೇಟಿನತ್ತ ತಿರುಗಿ ಕೂಗಿದಳು: "ಡೊಬ್ರಿಯಣ್ಣಾ! ಸ್ಲಾವ್ಚೊ! ಇಲ್ಲಿ ಬಂದು ಈ ಚಕ್ರ ಯಾರದ್ದು ಅಂತ ಒಂದು ಮಾತು ಹೇಳ್ರಪ್ಪಾ!"

ಇಬ್ಬರೂ ಗೇಟಿನ ಬಳಿ ನಿಂತು ಚೀಸು ತುಂಬಿದ ಬಾನಿತ್ಸಾ ತಿನ್ನುತ್ತಿದ್ದರು. ಸೀಲು ಬಿದ್ದ ಕಾಗದ ಆಗಲೇ ಜೇಬು ಸೇರಿತ್ತು. ಡೊಬ್ರಿ ಮೀಸೆಗೆ ಅಂಟಿದ ಚೂರು ಒರೆಸಿಕೊಂಡು, "ಚಕ್ರಾನಾ? ನಮಗೇನು ಗೊತ್ತಮ್ಮ," ಎಂದ. ಸ್ಲಾವ್ಚೊ ಅಗಿಯುತ್ತಲೇ, "ನಂಗೂ ಗೊತ್ತಿಲ್ಲ," ಎಂದ. ಅಕ್ಕನಂತೆ, ಅಕ್ಕ! ಥೂ, ಇವರ ಮುಖಕ್ಕಿಷ್ಟು!

"ಸಾಹೇಬ್ರೆ, ಹೊರಗೆ ಅವರ ಗಾಡಿ ನಿಂತಿವೆ. ಹಿಂದಿನ ಟಯರು ಹೇಗಿವೆ ಅಂತ ನೀವೇ ಹೋಗಿ ನೋಡಿ."

"ಸೀಲು ಬಿದ್ದಾದ ಮೇಲೆ ಅದು ನನ್ನ ಕೆಲಸ ಅಲ್ಲ," ಎಂದ ಕೊಲೆವ್. "ನಾನು ಹಿಡಿದಿರೋದು ನಿನ್ನನ್ನ."

ಎಲಾ ಇವನ! ಮೋಸ ಮಾಡಿದವರಿಬ್ಬರಿಗೂ ಸೀಲು, ಚಕ್ರ ಕೊಂಡವಳಿಗೆ ಕಳ್ಳಿಯ ಪಟ್ಟ. ಗಿಂಕಾಳ ದನಿ ಈಗ ಏರಲಿಲ್ಲ, ಇಳಿಯಿತು. "ಸರಿ. ಸೀಲು ಕೊಡಲ್ಲ ಅಂತ ಬರ್ಕೊಡಿ. ಯಾಕೆ ಕೊಡಲ್ಲ ಅಂತಾನೂ ಬರೀರಿ. ಬೆಳಿಗ್ಗೆಯಿಂದ ಈ ಚಕ್ರ ಯಾವ್ಯಾವ ಗಾಡೀಲಿತ್ತು, ಆ ಗಾಡಿಗಳಿಗೆ ಸೀಲು ಒತ್ತಿದ ಪುಣ್ಯಾತ್ಮ ಯಾರು, ಎಲ್ಲ ಬರೀರಿ. ಕೆಳಗೆ ನಿಮ್ಮ ಸಹಿ ಹಾಕಿ."

ಕೊಲೆವ್ ಪೆನ್ನು ತೆಗೆದ. ರಿಜಿಸ್ಟರಿನಲ್ಲಿ ಮೇಲಿನ ಎರಡು ಸಾಲು ನೋಡಿದ. ಎರಡರ ಮುಂದೆಯೂ ಅವನದೇ ಸಹಿ. ಪೆನ್ನು ಅಲ್ಲೇ ನಿಂತಿತು.

ಗಿಂಕಾ ಬಗ್ಗಿದಳು. ಕಡ್ಡಿಗೆ ಕಟ್ಟಿದ್ದ ದಾರವನ್ನು ಬೆರಳಿಗೆ ಸುತ್ತಿ ಒಂದೇ ಏಟಿಗೆ ಪಟ್ಟನೆ ಕಿತ್ತಳು. ಗೇಟಿನ ಬಳಿ ಡೊಬ್ರಿ ಬಾಯಿ ಹತ್ತಿರ ಒಯ್ದಿದ್ದ ತುತ್ತನ್ನು ಹಾಗೇ ಹಿಡಿದುಕೊಂಡ. ಅವಳು ದಾರವನ್ನು ತಂದು ರಿಜಿಸ್ಟರಿನ ಮೇಲಿಟ್ಟಳು.

"ನಿಮ್ಮ ಕಣ್ಣಿಗೆ ಬಿದ್ದಿದ್ದು ಇದೇ ತಾನೇ? ಈಗ ಹೇಳಿ. ಈ ಚಕ್ರಾನ ಎಲ್ಲಾದ್ರೂ ನೋಡಿದ್ರಾ?"

ಕೊಲೆವ್ ಚಕ್ರದ ಕಡೆ ನೋಡಲೇ ಇಲ್ಲ. "ಇಲ್ಲ," ಎಂದು ಗೊಣಗಿ ಸೀಲು ಒತ್ತಿದ.

ಗಾಡಿ ಗೇಟು ದಾಟುವಾಗ ಸ್ಲಾವ್ಚೊ ಪಕ್ಕದಲ್ಲೇ ಓಡಿ ಬಂದ. ಸುಳ್ಳಿಗೆ ಅಳುಕದವನ ಮುಖ ಈಗ ನಿಜಕ್ಕೂ ಬಿಳಿಚಿಕೊಂಡಿತ್ತು. "ಗಿಂಕಕ್ಕಾ, ಏನು ಮಾಡಿಬಿಟ್ಟೆ! ಕೊಕ್ಕರೆ ಕಾಣೋ ಮೊದಲೇ ದಾರ ಕಿತ್ತೆಯಲ್ಲೇ, ಕೇಡಾಗುತ್ತೆ!"

"ಅದು ಆಗಲೇ ಆಯ್ತು ಕಣೋ," ಎಂದಳು ಗಿಂಕಾ, ಗೇರು ಬದಲಿಸುತ್ತ. "ಬೆಳಿಗ್ಗೆ, ಅಕ್ರೋಟು ಮರದ ಕೆಳಗೆ."